ಕೇದಾರ್ ಅಂದರೆ ಯಾವ ಕೇದಾರ್?

ತೀರ್ಥಹಳ್ಳಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಮೇಜಿನ ಮೇಲೆ ಬಾಳೆಎಲೆ, ಅದರ ಮೇಲೆ ಎರಡು ಮೀನು ಇದ್ದವು ಅನ್ನುವುದನ್ನು ನೆನಪಿಟ್ಟುಕೊಂಡು ಓದಿದರೆ ಸಾಕು.

ಈ ಎರಡು ಮೀನು ನಿನ್ನೆ ರಾತ್ರಿ ಮಲ್ಪೆಯಲ್ಲಿದ್ದವು. ಬೆಳಗಿನ ಜಾವ ಟೆಂಪೊ ಹತ್ತಿ, ಹೆಬ್ರಿ ದಾಟಿ, ಆಗುಂಬೆ ಘಾಟಿಯ ತಿರುವುಗಳನ್ನೆಲ್ಲ ಸುತ್ತಿ ಇಲ್ಲಿಗೆ ಬಂದಿವೆ. ಕೊಳ್ಳುವಾಗ ಮೀನಿನವರನ್ನು ಕೇಳಿದೆ, 'ಇದ್ಯಾವುದು?' 'ಕೇದಾರ್ ಸಾರ್' ಅಂದರು. 'ಮತ್ತೆ ಈ ಚಿಕ್ಕದು?' 'ಅದೂ ಕೇದಾರೇ. ಮರಿ.' ನಾನು ಎರಡನ್ನೂ ಕೊಂಡೆ. ಇವತ್ತಿನ ನನ್ನ ಮಾತೆಲ್ಲ ಆ 'ಮರಿ' ಅನ್ನುವ ಒಂದು ಶಬ್ದದ ಮೇಲೆ ನಿಂತಿದೆ.

ಕೇದಾರ್, ಕೇದರ್, ಹೇಗೆ ಬೇಕಾದರೂ ಕರೆಯಿರಿ. ಪೇಟೆಯ ಅಂಗಡಿಯಲ್ಲಿ ಟ್ಯೂನಾ ಅನ್ನುತ್ತಾರೆ, ಮಲಯಾಳಿಗಳು ಚೂರ ಅನ್ನುತ್ತಾರೆ. ಆದರೆ ಈ ಒಂದು ಹೆಸರಿನ ಬುಟ್ಟಿಯೊಳಗೆ ಐದಾರು ಬೇರೆ ಬೇರೆ ಮೀನುಗಳಿವೆ. ಅವುಗಳ ಊಟ, ಓಡಾಟ, ಬೆಳೆಯುವ ಅಳತೆ ಎಲ್ಲ ಬೇರೆ. ಕಾಡಿನಲ್ಲಿ ಕಂಡ ಹಕ್ಕಿಯನ್ನೆಲ್ಲ 'ಗುಬ್ಬಿ' ಅಂದರೆ ನೀವು ಸುಮ್ನೆ ಇರ್ತೀರಾ? ಮೀನಿನ ವಿಷಯಕ್ಕೆ ಬಂದರೆ ಮಾತ್ರ ನಾವು ಮಲೆನಾಡಿನವರು ಬೇಗ ಒಪ್ಪಿಕೊಂಡುಬಿಡುತ್ತೇವೆ. ಅದೂ ಸಮುದ್ರದ ಮೀನಿನ ವಿಷಯದಲ್ಲಿ ಮಾತ್ರ. ಹೊಳೆಮೀನಿನಲ್ಲಿ ನಮಗೆ ಯಾರೂ ಮೋಸ ಮಾಡೋಕಾಗಲ್ಲ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಹತ್ತುಮೀನು ಕಡಿಯಲು ಹೋದ ಹುಡುಗ ಕತ್ತಲಲ್ಲಿ ಕೈಗೆ ತಾಗಿದ್ದು ಯಾವುದು ಅಂತ ಮುಟ್ಟಿಯೇ ಹೇಳುತ್ತಾನೆ.

ಮೊದಲು ಮನೆತನ ನೋಡೋಣ. ಈ ದೊಡ್ಡ ಮೀನಿನ ಬಾಲದ ಕಡೆ ನೋಡಿ. ಎರಡನೇ ಬೆನ್ನುರೆಕ್ಕೆ ಮುಗಿದ ಮೇಲೆ ಬಾಲದವರೆಗೂ ಪುಟ್ಟ ಪುಟ್ಟ ತ್ರಿಕೋನಗಳು ಸಾಲಾಗಿವೆ. ಕಿರುರೆಕ್ಕೆ ಅನ್ನೋಣ. ಮೇಲೆ 8, ಕೆಳಗೂ ಅಂಥದೇ ಸಾಲು. ನಾಳೆ ಮನೆಗೆ ಬಂಗಡೆ ತಂದಾಗ ಅದರಲ್ಲೂ ಹುಡುಕಿ, ಮೇಲೆ 5, ಕೆಳಗೆ 5 ಸಿಗುತ್ತವೆ. ಅಂಜಲ್‌ನಲ್ಲೂ ಇವೆ. ಬಂಗಡೆ, ಅಂಜಲ್, ಕೇದಾರ್ ಮೂರೂ ಒಂದೇ ಕುಟುಂಬದವು. ಬಡ ದಾಯಾದಿ, ಶ್ರೀಮಂತ ದಾಯಾದಿ ಅಂತ ಬೆಲೆಯಲ್ಲಿ ಭೇದ ಮಾಡಿದವರು ನಾವು. ಈ ಕುಟುಂಬದೊಳಗೆ ನಿಜವಾದ ಟ್ಯೂನಾ ಅನ್ನಿಸಿಕೊಳ್ಳುವ ಗುಂಪಿನಲ್ಲಿ ಪ್ರಪಂಚದಲ್ಲಿ ಒಟ್ಟು 15 ಜಾತಿಗಳಿವೆ.

ಈಗ ದೊಡ್ಡದರ ಬೆನ್ನು. ಹಿಂದಿನ ಸಾಲಿನವರು ಎದ್ದು ಬಂದರೂ ಪರವಾಗಿಲ್ಲ. ಬಣ್ಣ ಕಡುನೀಲಿ. ಬೆನ್ನಿನ ಹಿಂದಿನ ಅರ್ಧದಲ್ಲಿ ಓರೆಯಾದ ಕಪ್ಪು ಗೆರೆಗಳಿವೆ. ಅಲ್ಲಲ್ಲಿ ಕಡಿದಿವೆ, ಅಲ್ಲಲ್ಲಿ ಕೂಡಿಕೊಂಡಿವೆ. ಮಳೆ ನಿಂತ ಮೇಲೆ ತುಂಗೆಯ ದಂಡೆಯ ಮರಳಿನಲ್ಲಿ ನೀರು ಹರಿದ ಗುರುತು ಉಳಿದಿರುತ್ತಲ್ಲ, ಹಾಗೆ. ಹೊಟ್ಟೆ ಪೂರ್ತಿ ಬೆಳ್ಳಿ, ಅಲ್ಲಿ ಗೆರೆಯಿಲ್ಲ. ಈಗ ಪಕ್ಕದ ರೆಕ್ಕೆಯನ್ನು ಸ್ವಲ್ಪ ಎತ್ತುತ್ತೇನೆ. ಅದರ ಕೆಳಗೆ, ಹೊಟ್ಟೆಯ ಜೋಡಿರೆಕ್ಕೆಗೂ ಇದಕ್ಕೂ ನಡುವೆ, ಮಸಿ ಹತ್ತಿದ ಬೆರಳಿನಿಂದ ಒತ್ತಿದ ಹಾಗೆ ಕಪ್ಪು ಚುಕ್ಕೆಗಳಿವೆ. ಇದರಲ್ಲಿ ಮೂರಿವೆ. ಎರಡಿರಬಹುದು, ಐದಿರಬಹುದು. ಕೆಲವು ಮೀನಿನಲ್ಲಿ ಮಾಸಲಾಗಿರುತ್ತವೆ, ಕಾಣದೆಯೂ ಇರಬಹುದು. ಬೆನ್ನಿನ ಗೆರೆ, ಎದೆಯ ಚುಕ್ಕೆ ಎರಡೂ ಇದ್ದರೆ ಅನುಮಾನ ಬೇಡ. ಇದು ಯುಥಿನ್ನಸ್ ಅಫಿನಿಸ್. ಇಂಗ್ಲಿಷ್ ಪುಸ್ತಕಗಳಲ್ಲಿ ಕವಕವ ಅಂತ ಇರುತ್ತದೆ, ಅದು ಹವಾಯಿ ದ್ವೀಪದವರ ಮಾತು. ನಮ್ಮ ಕರಾವಳಿಯ ಬುಟ್ಟಿಗಳಲ್ಲಿ 'ಕೇದಾರ್' ಅಂತ ಬರುವುದರಲ್ಲಿ ಇದು ತೀರ ಸಾಮಾನ್ಯ.

ಇಲ್ಲಿ ಒಂದು ಅಡ್ಡ ಮಾತು. ಈ ಮೀನಿಗೆ 1849ರಲ್ಲಿ ಶಾಸ್ತ್ರೀಯ ಹೆಸರು ಕೊಟ್ಟವನು ಥಿಯೋಡರ್ ಕ್ಯಾಂಟರ್. ಡೆನ್ಮಾರ್ಕಿನವನು, ಈಸ್ಟ್ ಇಂಡಿಯಾ ಕಂಪನಿಯಲ್ಲಿ ಡಾಕ್ಟರ್. ಪೆನಾಂಗ್‌ನಲ್ಲಿದ್ದಾಗ ಅಲ್ಲಿನ ಸಮುದ್ರದ ಮೀನುಗಳ ಪಟ್ಟಿ ಮಾಡಿದ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಆಗುಂಬೆಯ ಹೆಮ್ಮೆ ಕಾಳಿಂಗ ಸರ್ಪ ಇದೆಯಲ್ಲ, ಅದನ್ನು 1836ರಲ್ಲಿ ಮೊದಲು ವಿಜ್ಞಾನಕ್ಕೆ ಪರಿಚಯಿಸಿದವನೂ ಇದೇ ಕ್ಯಾಂಟರ್. ಅವನು ನೋಡಿದ ಹಾವುಗಳು ಬಂಗಾಳದ ಕಡೆಯವು. ನೂರೆಂಬತ್ತು ವರ್ಷಕ್ಕೂ ಜಾಸ್ತಿ ಕಾಲ ಎಲ್ಲ ಕಾಳಿಂಗವೂ ಒಂದೇ ಜಾತಿ ಅಂತ ನಡೆಯಿತು. 2024ರಲ್ಲಿ ಅದನ್ನು ನಾಲ್ಕು ಜಾತಿಯಾಗಿ ಬೇರ್ಪಡಿಸಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಬಂದ ಹೆಸರು ಓಫಿಯೋಫೇಗಸ್ ಕಾಳಿಂಗ, ನಮ್ಮದೇ ಕನ್ನಡ ಶಬ್ದ. ಮನೆ ಹಿತ್ತಲಿಗೆ ಬರುವ ಹದಿಮೂರು ಅಡಿ ಹಾವಿನ ಗತಿಯೇ ಹೀಗಾದರೆ, ಐಸಿನ ಪೆಟ್ಟಿಗೆಯಲ್ಲಿ ಬರುವ ಮೀನಿನ ಗತಿ ಕೇಳಬೇಕಾ?

ಸರಿ, 'ಮರಿ'ಗೆ ಬರೋಣ. ದೊಡ್ಡದು ಸುಮಾರು 45 ಸೆಂಟಿಮೀಟರ್, ಚಿಕ್ಕದು 32. ಟ್ಯೂನಾ ಅಳೆಯುವಾಗ ಮೂತಿಯ ತುದಿಯಿಂದ ಬಾಲದ ಕವಲಿನ ಒಳಮೂಲೆಯವರೆಗೆ ಅಳೆಯುತ್ತಾರೆ. ಬಾಲದ ತುದಿ ಹರಿದುಹೋಗಿರುವುದೇ ಜಾಸ್ತಿ ಆದ್ದರಿಂದ ಈ ರೂಢಿ. ಚಿಕ್ಕದರ ಬೆನ್ನಿನಲ್ಲೂ ಓರೆ ಗೆರೆಗಳಿವೆ. ಮೀನಿನವರು ಮರಿ ಅಂದಿದ್ದರಲ್ಲಿ ತಪ್ಪಿಲ್ಲ, ಮೇಲುನೋಟಕ್ಕೆ ಹಾಗೇ ಕಾಣುತ್ತದೆ.

ಎರಡರ ಬೆನ್ನುರೆಕ್ಕೆಗಳನ್ನೂ ಉಗುರಿನಿಂದ ಎತ್ತಿ ನಿಲ್ಲಿಸುತ್ತೇನೆ, ನೋಡಿ. ದೊಡ್ಡದರಲ್ಲಿ ಮೊದಲ ರೆಕ್ಕೆ ಮುಂದೆ ಎತ್ತರ, ಹಿಂದಕ್ಕೆ ಕುಡುಗೋಲಿನ ಹಾಗೆ ಇಳಿದು, ಎರಡನೇ ರೆಕ್ಕೆಯ ಬುಡದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ನಡುವೆ ಹೆಚ್ಚು ಜಾಗ ಇಲ್ಲ. ಚಿಕ್ಕದರಲ್ಲಿ? ಮೊದಲ ರೆಕ್ಕೆ ಮುಗಿದು, ಬೋಳು ಬೆನ್ನು ಬಂದು, ನನ್ನ ಎರಡು ಬೆರಳು ಹಿಡಿಸುವಷ್ಟು ಜಾಗ ಬಿಟ್ಟು ಎರಡನೆಯದು ಶುರುವಾಗುತ್ತದೆ. ಮೀನು ಬೆಳೆದರೂ ಈ ಅಂತರ ಮುಚ್ಚಿಕೊಳ್ಳುವುದಿಲ್ಲ. ಎದೆಯಲ್ಲಿ ಚುಕ್ಕೆಯೂ ಇಲ್ಲ. ಇದು ಬೇರೆಯೇ ಕುಲ, ಆಕ್ಸಿಸ್.

ಈ ಪಾಠ ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲ್ಯಾಬಿನ ಒಂದು ಜಾಡಿಯ ಮೀನಿಗೆ ಯುಥಿನ್ನಸ್ ಅಂತ ನಾನೇ ಚೀಟಿ ಅಂಟಿಸಿದ್ದೆ. ಫಾರ್ಮಲಿನ್‌ನಲ್ಲಿ ಬಣ್ಣ ಹೋಗಿತ್ತು, ಚುಕ್ಕೆಯೂ ಮಾಸಿರಬೇಕು ಅಂದುಕೊಂಡೆ. ಎಂಟು ವರ್ಷ ಅದನ್ನೇ ತೋರಿಸಿ ಪಾಠ ಮಾಡಿದೆ. ಒಂದು ದಿನ ರೆಕಾರ್ಡ್ ಬರೆಯುತ್ತಿದ್ದ ಹುಡುಗಿ ಕೇಳಿದಳು, 'ಸಾರ್, ಚಿತ್ರದಲ್ಲಿ ಎರಡು ರೆಕ್ಕೆ ಹತ್ತಿರ ಇವೆ, ಜಾಡಿಯಲ್ಲಿ ದೂರ ಇವೆ. ಯಾವುದನ್ನು ಬರೀಲಿ?' ಬಣ್ಣ ಮಾಸಬಹುದು, ರೆಕ್ಕೆಯ ನಡುವಿನ ಜಾಗ ಮಾಸುವುದಿಲ್ಲ. ಅವತ್ತು ಸಂಜೆಯೇ ಚೀಟಿ ಬದಲಾಯಿಸಿದೆ. ಅಷ್ಟರೊಳಗೆ ತಪ್ಪು ಕಲಿತು ಹೋದ ಎಂಟು ಬ್ಯಾಚಿನವರಲ್ಲಿ ಇಬ್ಬರು ಇಲ್ಲೇ ಕೂತಿದ್ದಾರೆ.

ಆಕ್ಸಿಸ್‌ನಲ್ಲೂ ನಮ್ಮ ಸಮುದ್ರದಲ್ಲಿ ಎರಡು ಜಾತಿ. ಅವನ್ನು ಬೇರ್ಪಡಿಸಲು ಬೆರಳು ಬೇಕು. ಯಾರಾದರೂ ಒಬ್ಬರು ಬಂದು ಈ ಮೀನಿನ ಮೈ ಸವರಿ. ಹಿಂಭಾಗ ನುಣ್ಣಗಿದೆ ಅಲ್ವಾ? ಹುರುಪೆಯೇ ಇಲ್ಲ. ಈಗ ಎದೆ ಕಡೆ ಬನ್ನಿ. ಇಲ್ಲಿ ಒರಟು. ತಲೆಯ ಹಿಂದೆ ಒಂದು ಹುರುಪೆಯ ಅಂಗಿ ತೊಡಿಸಿದ ಹಾಗಿದೆ, ಎದೆಗವಚ ಅನ್ನಬಹುದು. ಆ ಕವಚದ ಒಂದು ಬಾಲ ಮೈಯ ನಡುಗೆರೆಯ ಮೇಲೆ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಎರಡನೇ ಬೆನ್ನುರೆಕ್ಕೆ ಶುರುವಾಗುವ ಜಾಗದ ನೇರ ಕೆಳಗೆ ಆ ಪಟ್ಟಿ ಎಷ್ಟು ಅಗಲ ಇದೆ ಅಂತ ಎಣಿಸಬೇಕು. ಹೆಚ್ಚೆಂದರೆ ಐದು ಹುರುಪೆ ಅಗಲ ಇದ್ದರೆ ಆಕ್ಸಿಸ್ ಥಜಾರ್ಡ್. ಅದಕ್ಕಿಂತ ಅಗಲ ಇದ್ದರೆ ಇನ್ನೊಂದು, ಆಕ್ಸಿಸ್ ರೋಷೈ. ನಮ್ಮದರಲ್ಲಿ ಮೂರೇ ಹುರುಪೆ ಸಿಕ್ಕವು. ಆದ್ದರಿಂದ ಇದು ಥಜಾರ್ಡ್. ಈ ಜಾತಿ ಸಾಮಾನ್ಯವಾಗಿ ಬೆಳೆಯುವುದೇ 25ರಿಂದ 40 ಸೆಂಟಿಮೀಟರ್. ಹಾಗಾದರೆ 32 ಸೆಂಟಿಮೀಟರಿನ ಮೀನು ಮರಿಯೋ ಅಲ್ಲವೋ? ಕೊನೆಯಲ್ಲಿ ಹೊಟ್ಟೆ ಕೊಯ್ದು ನೋಡೋಣ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಗೆರೆಗಳು ಬೆನ್ನಿನಲ್ಲಿಲ್ಲದೆ ಹೊಟ್ಟೆಯಲ್ಲಿ ಉದ್ದುದ್ದ ಇದ್ದರೆ, ನಾಲ್ಕರಿಂದ ಆರು ಪಟ್ಟೆ, ಅದು ಸ್ಕಿಪ್‌ಜಾಕ್. ಪ್ರಪಂಚದಲ್ಲಿ ಹಿಡಿಯುವ ಟ್ಯೂನಾದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ, ಡಬ್ಬಿಯಲ್ಲಿ ಬರುವುದೂ ಬಹುಪಾಲು ಇದೇ. ಮೈ ತುಂಬ ಸಣ್ಣ ಹುರುಪೆ ಇದ್ದು, ಕಿರುರೆಕ್ಕೆ ಹಳದಿಯಾಗಿದ್ದರೆ ಥನ್ನಸ್ ಕುಲದ ಕಡೆ ಯೋಚನೆ ಮಾಡಿ. ಅದರಲ್ಲಿ ಯೆಲ್ಲೋಫಿನ್ ದೊಡ್ಡದಾದಾಗ ಎರಡನೇ ಬೆನ್ನುರೆಕ್ಕೆಯೂ ಅದರ ಕೆಳಗಿನ ರೆಕ್ಕೆಯೂ ಕತ್ತಿಯ ಹಾಗೆ ಉದ್ದ ಬೆಳೆಯುತ್ತವೆ, ಗುರುತು ತಪ್ಪುವ ಮಾತೇ ಇಲ್ಲ. ಚಿಕ್ಕದಿದ್ದಾಗ ಮಾತ್ರ ಅದನ್ನೂ ಬಿಗ್‌ಐ ಟ್ಯೂನಾವನ್ನೂ ಬೇರ್ಪಡಿಸಲು ಲಿವರ್ ನೋಡಬೇಕಾಗುತ್ತದೆ. ಬಿಗ್‌ಐ ಲಿವರ್ ಮೇಲೆ ಸಣ್ಣ ಗೀರುಗಳಿರುತ್ತವೆ, ಯೆಲ್ಲೋಫಿನ್‌ನದು ನುಣ್ಣಗೆ. ತುಂಡು ಮಾಡಿ, ಚರ್ಮ ತೆಗೆದು ಮಾರುವ ಕಡೆ ಈ ಯಾವ ವಿದ್ಯೆಯೂ ನಡೆಯುವುದಿಲ್ಲ. ಗುರುತು ಹಿಡಿಯುವ ಆಸೆ ಇದ್ದರೆ ಇಡೀ ಮೀನು ಕೊಳ್ಳಿ.

ಇನ್ನು ಬದುಕಿನ ಕತೆ. ಹುರುಪೆ ಇಲ್ಲದ ಮೈ, ಮಡಚಿಕೊಳ್ಳುವ ರೆಕ್ಕೆ ಇವೆಲ್ಲ ಯಾಕೆ? ನೋಡಿ, ಮೊದಲ ಬೆನ್ನುರೆಕ್ಕೆಯ ಬುಡದಲ್ಲಿ ಒಂದು ಸೀಳು ಇದೆ. ರೆಕ್ಕೆ ಒತ್ತಿದರೆ ಚಾಕು ಒರೆಗೆ ಹೋದ ಹಾಗೆ ಒಳಗೆ ಕೂರುತ್ತದೆ. ಪಕ್ಕದ ರೆಕ್ಕೆಯೂ ಮೈಗೆ ಅಂಟಿಕೊಂಡು ಮಲಗುತ್ತದೆ. ಬಾಲದ ಬುಡ ನನ್ನ ಹೆಬ್ಬೆರಳಿಗಿಂತ ಸಣ್ಣ, ಆದರೆ ಎರಡೂ ಬದಿಗೆ ಗಟ್ಟಿ ಏಣು. ಬಾಲ ಬಿದಿಗೆ ಚಂದ್ರ. ಇಡೀ ಮೈ ಓಡುವುದಕ್ಕೇ ಆಗಿದೆ.

ಓಡುವುದು ಇದಕ್ಕೆ ಶೋಕಿಯಲ್ಲ, ನಿಂತರೆ ಬದುಕಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕಿದ್ದೀರಲ್ಲ. ನಮ್ಮ ಚಿಪ್ಪಲಗುಡ್ಡೆಯ ಮಡುವಿನಲ್ಲೂ ನೋಡಿರುತ್ತೀರಿ. ಅಲ್ಲಿನ ಮಹಶೀರ್ ನಿಂತ ಕಡೆಯೇ ನಿಂತು ಬಾಯಿ ಮುಚ್ಚಿ ತೆಗೆಯುತ್ತದೆ, ಕಿವಿರಿನ ಮುಚ್ಚಳ ಮೆಲ್ಲಗೆ ಆಡುತ್ತದೆ. ಪಂಪು ಹೊಡೆದ ಹಾಗೆ ನೀರನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಗಾಳಿಚೀಲ ಇರುವುದರಿಂದ ಮುಳುಗುವ ಭಯವೂ ಇಲ್ಲ. ಟ್ಯೂನಾಕ್ಕೆ ಆ ಪಂಪಿನ ಶಕ್ತಿ ಸಾಲದು. ಬಾಯಿ ತೆರೆದು ಮುಂದೆ ಮುಂದೆ ಈಜುತ್ತಿದ್ದರೆ ಮಾತ್ರ ಕಿವಿರಿನ ಮೇಲೆ ಬೇಕಾದಷ್ಟು ನೀರು ಹರಿಯುತ್ತದೆ, ಉಸಿರು ನಡೆಯುತ್ತದೆ. ಈ ಎರಡು ಮೀನಿಗೂ, ಸ್ಕಿಪ್‌ಜಾಕ್‌ಗೂ ಗಾಳಿಚೀಲವೂ ಇಲ್ಲ. ನಿಂತರೆ ಕೆಳಕ್ಕೆ. ಮೊಟ್ಟೆಯಿಂದ ಬಂದು ಸ್ವಲ್ಪ ಬೆಳೆದ ದಿನದಿಂದ ಸಾಯುವವರೆಗೆ, ಹಗಲೂ ರಾತ್ರಿ, ಈಜುತ್ತಲೇ ಇರಬೇಕು.

ಇಷ್ಟು ಓಡುವ ಯಂತ್ರ ಬಿಸಿಯಾಗದೆ ಇರುತ್ತಾ? ಸಾಧಾರಣ ಮೀನಿನಲ್ಲಿ ಆ ಬಿಸಿ ಕಿವಿರಿನ ಮೂಲಕ ನೀರಿಗೆ ಹೋಗಿಬಿಡುತ್ತದೆ. ಟ್ಯೂನಾದಲ್ಲಿ ಹೋಗುವುದಿಲ್ಲ. 1835ರಲ್ಲಿ ಜಾನ್ ಡೇವಿ ಎಂಬ ಸೈನ್ಯದ ಡಾಕ್ಟರ್ ಇದನ್ನು ಬರೆದಿಟ್ಟ. ಗಣಿ ಕಾರ್ಮಿಕರ ದೀಪ ಮಾಡಿದ ಹಂಫ್ರಿ ಡೇವಿಯ ತಮ್ಮ, ಸಿಲೋನ್‌ನಲ್ಲೂ ಕೆಲಸ ಮಾಡಿದವನು. ಸಮುದ್ರದ ನೀರು ಸುಮಾರು 27 ಡಿಗ್ರಿ ಸೆಲ್ಸಿಯಸ್ ಇದ್ದಾಗ ಹಿಡಿದ ಟ್ಯೂನಾದ ಮೈಯೊಳಗೆ ಥರ್ಮಾಮೀಟರ್ ಇಟ್ಟ. 37 ತೋರಿಸಿತು. ನನ್ನ ನಿಮ್ಮ ಮೈಯ ಬಿಸಿ! ಕ್ಯಾಂಟರ್, ಡೇವಿ ಇಬ್ಬರೂ ಡಾಕ್ಟರುಗಳು ನೋಡಿ. ಆ ಕಾಲದಲ್ಲಿ ರೋಗಿಗಳು ಕಡಿಮೆ ಇದ್ದರೋ ಏನೋ.

ಹೇಗೆ ಬಿಸಿ ಉಳಿಯುತ್ತದೆ? ನಿಮ್ಮ ಬಚ್ಚಲಿನ ಹಂಡೆ ನೆನಪಿಸಿಕೊಳ್ಳಿ. ಹಂಡೆಯಿಂದ ಬಿಸಿನೀರು ಹೊರಗೆ ಹೋಗುವ ಪೈಪು ಒಂದು, ಬಾವಿಯ ತಣ್ಣೀರು ಒಳಗೆ ಬರುವ ಪೈಪು ಒಂದು ಅಂದುಕೊಳ್ಳಿ. ಎರಡನ್ನೂ ಒಂದಕ್ಕೊಂದು ತಾಗಿಸಿ ಉದ್ದಕ್ಕೂ ಕಟ್ಟಿದರೆ? ಹೋಗುವ ಬಿಸಿ ಬರುವ ತಣ್ಣೀರಿಗೆ ದಾಟುತ್ತದೆ. ಹೊರಗೆ ಹೋಗುವುದು ಬರೀ ತಣ್ಣಗಿನ ನೀರು, ಬಿಸಿ ಹಂಡೆಗೇ ವಾಪಸ್. ಟ್ಯೂನಾದ ಸ್ನಾಯುವಿನ ಹತ್ತಿರ ಸಣ್ಣ ಸಣ್ಣ ರಕ್ತನಾಳಗಳು ಹೀಗೇ ಎದುರುಬದುರು ಹೆಣೆದುಕೊಂಡಿವೆ. ಕಿವಿರಿನಿಂದ ಬರುವ ತಣ್ಣನೆಯ ರಕ್ತ, ಸ್ನಾಯುವಿನಿಂದ ಹೋಗುವ ಬಿಸಿ ರಕ್ತ, ಪಕ್ಕಪಕ್ಕ. ಬಿಸಿಯಾದ ಸ್ನಾಯು ಬೇಗ ಕೆಲಸ ಮಾಡುತ್ತದೆ.

ಆ ಸ್ನಾಯು ಯಾವುದು ಅಂತ ಅಡುಗೆ ಮಾಡುವವರಿಗೆ ಗೊತ್ತು. ಅಡ್ಡ ಕೊಯ್ದರೆ ತುಂಡಿನ ನಡುವೆ, ಮುಳ್ಳಿನ ಎರಡೂ ಬದಿಗೆ, ಕಡುಗೆಂಪು ಮಾಂಸ ಸಿಗುತ್ತದಲ್ಲ. ಕೆಲವರು ರಕ್ತ ಹೆಪ್ಪುಗಟ್ಟಿದೆ, ಮೀನು ಹಳೇದು ಅಂತ ಅದನ್ನು ತೆಗೆದು ಬೆಕ್ಕಿಗೆ ಹಾಕುತ್ತಾರೆ. ಹಳೇದಲ್ಲ, ದಿನವಿಡೀ ಈಜಿಸುವ ಎಂಜಿನ್ ಅದು. ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ತುಂಬಿರುವುದರಿಂದ ಆ ಬಣ್ಣ. ಸುತ್ತಲಿನ ತಿಳಿ ಮಾಂಸ ಗಕ್ಕನೆ ನುಗ್ಗಬೇಕಾದಾಗ ಮಾತ್ರ ಕೆಲಸಕ್ಕೆ ಬರುತ್ತದೆ.

ಘಾಟಿ ಹತ್ತಿ ಬರುವ ಮೀನು ತಿನ್ನುವವರು ಈಗ ಹೇಳುವುದನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಈ ಕುಟುಂಬದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಸತ್ತ ಮೀನು ಐಸ್ ಇಲ್ಲದೆ ಬಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ವರ್ಷಗಳ ಹಿಂದೆ ನಾನು ಹೊನ್ನಾವರದ ಕಡೆಯಿಂದ ಬರುವಾಗ ಕೇದಾರ್ ಕೊಂಡು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿದೆ. ಐಸ್ ಕೇಳಲಿಲ್ಲ, ಅವರೂ ಕೊಡಲಿಲ್ಲ. ಗೇರುಸೊಪ್ಪೆ ಹತ್ತಿ ಬಂದ ಮೇಲೆ ಜೋಗ ನೋಡಿಕೊಂಡು ಹೋಗೋಣ ಅಂತ ನಿಂತೆವು, ಎರಡು ಗಂಟೆ ಹೋಯಿತು. ಮನೆಗೆ ಬಂದಾಗ ವಾಸನೆ ಏನೂ ಇರಲಿಲ್ಲ. ಹುಳಿ ಹಾಕಿ ಚೆನ್ನಾಗಿ ಕುದಿಸಿ ಉಂಡೆವು. ಅರ್ಧ ಗಂಟೆಯೊಳಗೆ ನನ್ನ ಮುಖ ಕುಂಕುಮ ಬಳಿದ ಹಾಗೆ ಕೆಂಪಾಯಿತು, ನಾಲಿಗೆ ಮೆಣಸು ಕಡಿದ ಹಾಗೆ ಉರಿ. ಹೆಂಡತಿಗೆ ತಲೆ ಸಿಡಿತ. ಮೀನು ನಮಗೆ ಆಗಿಬರಲ್ಲ ಅಂತ ತೀರ್ಮಾನ ಮಾಡಿದ್ದೆವು. ಡಾಕ್ಟರ್ ಮೊದಲು ಕೇಳಿದ್ದೇ 'ಯಾವ ಮೀನು? ಐಸ್ ಇತ್ತಾ?' ಅಂತ. ಹಿಸ್ಟಮಿನ್ ಒಮ್ಮೆ ಆಯಿತು ಅಂದರೆ ಎಷ್ಟು ಕುದಿಸಿದರೂ, ಹುರಿದರೂ ಹೋಗುವುದಿಲ್ಲ. ಬಂಗಡೆಗೂ ಇದೇ ಮಾತು. ಹಾಗಾಗಿ ಮೀನು ಗಟ್ಟಿ ಇದೆಯಾ ಅಂತ ಒತ್ತಿ ನೋಡುವ ಜೊತೆಗೆ ಪೆಟ್ಟಿಗೆಯಲ್ಲಿ ಐಸ್ ಎಷ್ಟು ಇದೆ ಅಂತಲೂ ಇಣುಕಿ.

ಕವಕವ ಆಳ ಸಮುದ್ರದ ಮೀನಲ್ಲ. ದಂಡೆಗೆ ಹತ್ತಿರವೇ ತಿರುಗುತ್ತದೆ. ಆಫ್ರಿಕಾದ ಪೂರ್ವ ತೀರದಿಂದ ಹವಾಯಿಯವರೆಗೂ ಇದೆ. ಗುಂಪು ಕಟ್ಟುವಾಗ ಜಾತಿಗಿಂತ ಅಳತೆ ನೋಡುತ್ತದೆ. ತನ್ನಷ್ಟೇ ದೊಡ್ಡ ಬೇರೆ ಟ್ಯೂನಾಗಳ ಜೊತೆ ಸೇರಿಕೊಂಡು ನೂರರಿಂದ ಐದು ಸಾವಿರದವರೆಗೂ ಒಟ್ಟಿಗೆ ಹೋಗುವುದುಂಟು. ಆದ್ದರಿಂದಲೇ ಒಂದೇ ಬಲೆಯಲ್ಲಿ ಬೇರೆ ಬೇರೆ ಕೇದಾರ್ ಬಂದು, ಒಂದೇ ಬುಟ್ಟಿಗೆ ಬಿದ್ದು, ಒಂದೇ ಹೆಸರು ಪಡೆಯುತ್ತವೆ. ಸಿಕ್ಕಿದ್ದು ತಿನ್ನುತ್ತದೆ: ಬೂತಾಯಿ, ಸಣ್ಣ ಮೀನು, ಸಿಗಡಿ, ಬೊಂಡಾಸ. ಬೂತಾಯಿಯನ್ನು ಕುಂದಾಪುರದವರು ಬೈಗೆ ಅನ್ನುತ್ತಾರೆ, ಕೊಂಕಣಿಯಲ್ಲಿ ತಾರ್ಲೆ. ಕೆಳಗಿನಿಂದ ಟ್ಯೂನಾ ಅಟ್ಟಿದಾಗ ಅವು ಮೇಲಕ್ಕೆ ಚಿಮ್ಮುತ್ತವೆ, ಮೇಲಿನಿಂದ ಹಕ್ಕಿಗಳು ಎರಗುತ್ತವೆ. ಬೋಟಿನವರು ದೂರದಿಂದ ನೋಡುವುದು ಹಕ್ಕಿಗಳನ್ನೇ.

ಮೊಟ್ಟೆಯ ಲೆಕ್ಕ ಕೇಳಿ. ಸುಮಾರು 1.4 ಕೆಜಿ ತೂಕದ ಹೆಣ್ಣು ಕವಕವ ಒಂದು ಸಲಕ್ಕೆ ಸುಮಾರು 2 ಲಕ್ಷ ಮೊಟ್ಟೆ ಬಿಡುತ್ತದೆ, ಹಂಗಾಮಿನಲ್ಲಿ ಹಲವು ಸಲ. ಗೂಡಿಲ್ಲ, ಕಾವಲಿಲ್ಲ. ಹತ್ತುಮೀನಿನ ಹಾಗೆ ಮೊಟ್ಟೆಗಾಗಿ ಗದ್ದೆ ಹತ್ತುವ ಕಷ್ಟವೂ ಇಲ್ಲ. ಸಾಸಿವೆಗಿಂತ ಸಣ್ಣ ಮೊಟ್ಟೆ ಒಂದು ಹನಿ ಎಣ್ಣೆಯ ಬಲದಲ್ಲಿ ತೇಲುತ್ತದೆ, ಹೆಚ್ಚುಕಡಿಮೆ ಒಂದು ದಿನದಲ್ಲಿ ಒಡೆಯುತ್ತದೆ. ಅದರಲ್ಲಿ ಬಹುಪಾಲು ಯಾರದೋ ಊಟ.

ಲಕ್ಷದ್ವೀಪದ ಮಿನಿಕಾಯ್ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಲ್ಲಿ ಸ್ಕಿಪ್‌ಜಾಕ್ ಅನ್ನು ಗಾಳದಲ್ಲಿ ಒಂದೊಂದೇ ಹಿಡಿಯುತ್ತಾರೆ. ಜೀವಂತ ಸಣ್ಣ ಮೀನು ಎರಚಿ, ನೀರು ಚಿಮುಕಿಸಿ ಗುಂಪನ್ನು ಬೋಟಿನ ಹತ್ತಿರಕ್ಕೆ ತಂದು, ಕೋಲು ಬೀಸಿದರೆ ಮೀನು ನೇರ ಹಿಂದೆ ಬಂದು ಬೀಳುತ್ತದೆ. ಅದನ್ನು ಬೇಯಿಸಿ, ಹೊಗೆಗೆ ಇಟ್ಟು, ಬಿಸಿಲಲ್ಲಿ ಒಣಗಿಸಿ ಮಾಸ್‌ಮಿನ್ ಮಾಡುತ್ತಾರೆ. ಕಟ್ಟಿಗೆಯಷ್ಟು ಗಟ್ಟಿ. ತುರಿದು ಸಾರಿಗೆ ಹಾಕಬೇಕು. ಹೊಳೆಮೀನನ್ನು ಒಲೆಯ ಮೇಲಿನ ಹೊಗೆಗೆ ಒಣಗಿಸಿಡುತ್ತಿದ್ದ ನಮ್ಮ ಅಜ್ಜಿಯರು ನೋಡಿದ್ದರೆ ಖುಷಿಪಡುತ್ತಿದ್ದರು.

ಸರಿ, ಚಾಕು ಕೊಡಿ. ಮೊದಲು ದೊಡ್ಡದು. ಹೊಟ್ಟೆ ಬಿಡಿಸುತ್ತೇನೆ. ಬೆನ್ನೆಲುಬಿನ ಕೆಳಗೆ ಬಿಳಿ ಬಲೂನಿನ ಹಾಗೆ ಏನಾದರೂ ಕಾಣುತ್ತಾ? ಇಲ್ಲ. ಗಾಳಿಚೀಲ ಇಲ್ಲ ಅಂತ ಹೇಳಿದ್ದೆನಲ್ಲ. ಜಠರದಲ್ಲಿ ಅರ್ಧ ಕರಗಿದ ಮೀನು ಎರಡಿವೆ, ಹುರುಪೆ ಇನ್ನೂ ಹೊಳೆಯುತ್ತಿದೆ.

ಈಗ 'ಮರಿ'. ಮುಂದಿನ ಸಾಲಿನ ಮಕ್ಕಳು ಹತ್ತಿರ ಬನ್ನಿ. ಕರುಳನ್ನು ಪಕ್ಕಕ್ಕೆ ಸರಿಸಿದೆ. ಎರಡು ಉದ್ದನೆಯ ಚೀಲ ಕಾಣುತ್ತಿವೆಯಾ, ತಿಳಿ ಕಿತ್ತಳೆ ಬಣ್ಣ? ಒಂದನ್ನು ಸ್ವಲ್ಪ ಸೀಳುತ್ತೇನೆ. ರವೆಯ ಹಾಗೆ ಬೆರಳಿಗೆ ಹತ್ತುತ್ತಿದೆ ನೋಡಿ. ಮೊಟ್ಟೆ. ಮರಿ ಅಂತ ಕೊಟ್ಟರಲ್ಲ, ಇದು ತಾಯಿ.

ಪ್ರಶ್ನೆ ಇದ್ದವರು ಇಲ್ಲಿಗೇ ಬನ್ನಿ, ಕೊಯ್ಯುತ್ತಲೇ ಮಾತಾಡೋಣ. ಐಸ್ ಕರಗುತ್ತಿದೆ.